ಹಳೆ ಮೌಸರ್ 30-06ಕ್ಕೆ ಸ್ಕೋಪ್ ಬೇಸ್: ಒಂದೇ ತುಂಡೋ, ಎರಡು ತುಂಡೋ?

ಪೆರ್ಲದ ಕೃಷಿಕ:

ಎಲ್ಲರಿಗೂ ನಮಸ್ತೆ. ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಹಂದಿ ಕಾಟ ನಿಮಗೆ ಹೇಳಬೇಕಾಗಿಲ್ಲ. ಬಾಳೆ, ಮರಗೆಣಸು, ಸುವರ್ಣಗೆಡ್ಡೆ ಯಾವುದೂ ಉಳಿಯುತ್ತಿಲ್ಲ, ಈಗ ಅಡಿಕೆ ಸಸಿಯ ಬುಡಕ್ಕೂ ಬಂದಿವೆ. 2022ರಲ್ಲಿ ಕೇರಳ ಸರಕಾರ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತಲ್ಲ, ಆಮೇಲೆ ಲೈಸೆನ್ಸ್ ಇರುವವರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿದೆ. ಆದೇಶ ಬಂದಾಗ ಮಾತ್ರ ಕೋವಿ ತೆಗೆಯುವುದು.

ಇಷ್ಟು ಕಾಲ ಜೋಡುನಳಿಗೆಯ ತೋಟೆ ಕೋವಿ ಸಾಕಾಗಿತ್ತು. ಈಗ ಮಾವನ ರೈಫಲ್ ಕಾಗದಪತ್ರ ಎಲ್ಲ ಮುಗಿದು ನನ್ನ ಲೈಸೆನ್ಸಿಗೆ ಬಂದಿದೆ. ಮೌಸರ್ 98 ಬೋಲ್ಟು (ಹಿಡಿ ಎತ್ತಿ ಎಳೆದು ತೋಟೆ ತುಂಬುವ ಬಗೆ), 30-06 ತೋಟೆ. ರಿಸೀವರ್ (ಬೋಲ್ಟ್ ಕೂರುವ ಭಾಗ) ಮೇಲೆ ಮುಂದೆ ಎರಡು ಹಿಂದೆ ಎರಡು ತೂತು ಇವೆ, ಅವಕ್ಕೆ ತಲೆಯಿಲ್ಲದ ಸಣ್ಣ ಸ್ಕ್ರೂ ಹಾಕಿ ಮುಚ್ಚಿದ್ದಾರೆ. 3-9x40 ಸ್ಕೋಪ್ ಇದೆ (3ರಿಂದ 9 ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 40 ಮಿಲಿಮೀಟರ್), ಕೊಳವೆ ಒಂದು ಇಂಚು. ಸ್ಕೋಪ್ ಹಿಡಿಯುವ ರಿಂಗುಗಳನ್ನು ಕೂರಿಸಲು ರಿಸೀವರ್ ಮೇಲೆ ಹಾಕುವ ಪಟ್ಟಿ, ಅಂದರೆ ಬೇಸ್, ಯಾವುದು ತಗೊಳ್ಳಲಿ? ಒಂದೇ ತುಂಡಿನ ಉದ್ದ ರೈಲೋ, ಮುಂದೆ ಹಿಂದೆ ಬೇರೆ ಬೇರೆ ಕೂರುವುದೋ? ವೀವರ್, ಪಿಕಾಟಿನಿ ಅಂತ ಎರಡು ಹೆಸರು ಹೇಳ್ತಾರೆ, ಅದರಲ್ಲಿ ಏನು ವ್ಯತ್ಯಾಸ? ಮನೆಯಲ್ಲೇ ಕೂರಿಸಬಹುದಾ?

ಬದಿಯಡ್ಕ ಗುರಿಕಾರ:

ತೂತು ಮೊದಲೇ ಇರುವುದು ನಿಮ್ಮ ಪುಣ್ಯ. ಇಲ್ಲದಿದ್ದರೆ ಕೊರೆಯಬೇಕಿತ್ತು, ಅದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರು ಮಾತ್ರ ಮಾಡಬೇಕಾದ ಕೆಲಸ.

ನಾನಾದರೆ ಎರಡು ತುಂಡಿನದ್ದೇ ತಗೊಳ್ಳುವುದು. ಕಾರಣ ಹೇಳ್ತೇನೆ. ಮೌಸರ್ 98ರಲ್ಲಿ ತೋಟೆಯನ್ನು ಒಂದೊಂದಾಗಿ ಚೇಂಬರಿಗೆ ಹಾಕಿ ಬೋಲ್ಟ್ ಮುಚ್ಚುವ ಕ್ರಮ ಇಲ್ಲ. ಅದರ ಎಕ್ಸ್‌ಟ್ರಾಕ್ಟರ್ (ತೋಟೆಯನ್ನು ಚೇಂಬರಿನಿಂದ ಎಳೆದು ತೆಗೆಯುವ ಭಾಗ) ಉದ್ದದ ಕೊಕ್ಕೆ. ತೋಟೆ ಮ್ಯಾಗಜಿನ್‌ನಿಂದ ಮೇಲೆ ಬರುವಾಗ ಅದರ ಅಂಚು ಕೊಕ್ಕೆಯ ಒಳಗೆ ಜಾರಿ ಸೇರಬೇಕು. ಹಾಗಾಗಿ ಪ್ರತಿ ತೋಟೆಯನ್ನೂ ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಿ ಮ್ಯಾಗಜಿನ್ ಒಳಗೆ ಕೂರಿಸಬೇಕು. ಆ ಬಾಯಿಯ ಮೇಲೆ ಉದ್ದ ರೈಲು ಅಡ್ಡ ನಿಂತರೆ ಬೆರಳಿಗೆ ಜಾಗ ಇಲ್ಲ. ಸಂಜೆಗತ್ತಲಲ್ಲಿ, ಕೈ ಒದ್ದೆ ಇರುವಾಗ ಇದು ದೊಡ್ಡ ತೊಂದರೆ. ಒಂದೇ ತುಂಡಿನ ರೈಲು ಗಟ್ಟಿ ಅನ್ನುವುದು ನಿಜ, ರಿಂಗುಗಳನ್ನು ಹಿಂದೆ ಮುಂದೆ ಸರಿಸಲೂ ಜಾಗ ಜಾಸ್ತಿ. ಆದರೆ ಈ ರೈಫಲ್‌ಗೆ, ನಿಮ್ಮ ಕೆಲಸಕ್ಕೆ, ಅದರ ಲಾಭ ಕಡಿಮೆ.

ಇನ್ನೊಂದು, "ಮೌಸರ್‌ಗೆ" ಅಂತ ಬರೆದದ್ದು ಕಂಡ ಕೂಡಲೇ ತಗೊಳ್ಳಬೇಡಿ. ಮಿಲಿಟರಿ ರಿಸೀವರ್‌ನ ಹಿಂದಿನ ಸೇತುವೆಯಲ್ಲಿ (ಹಿಂದಿನ ಅಡ್ಡ ಭಾಗ) ತೋಟೆಯ ಕ್ಲಿಪ್ ಕೂರಿಸುವ ಉಬ್ಬು ಇರುತ್ತದೆ. ಕೆಲವದರಲ್ಲಿ ಅದನ್ನು ಸವೆಸಿ ನಯ ಮಾಡಿದ್ದಾರೆ, ಕೆಲವದರಲ್ಲಿ ಇಲ್ಲ. ರಿಸೀವರ್‌ನ ಮುಂಭಾಗದ ಉಂಗುರ (ಇದನ್ನೂ ರಿಂಗ್ ಅಂತಲೇ ಹೇಳ್ತಾರೆ) ಕೂಡ ದೊಡ್ಡದು ಚಿಕ್ಕದು ಅಂತ ಎರಡು ಬಗೆ, ದೊಡ್ಡದಕ್ಕೆ ಅಡ್ಡಳತೆ 1.41 ಇಂಚು, ಚಿಕ್ಕದಕ್ಕೆ 1.30. ಕ್ಯಾಲಿಪರ್ ಇಟ್ಟು ಅಳೆಯಿರಿ, ತೂತುಗಳ ನಡುವಿನ ದೂರವನ್ನೂ ಅಳೆಯಿರಿ, ಆ ಲೆಕ್ಕ ಹಿಡಿದುಕೊಂಡು ಡೀಲರ್ ಹತ್ತಿರ ಹೋಗಿ.

ವೀವರ್, ಪಿಕಾಟಿನಿ ಎರಡೂ ನೋಡಲು ಒಂದೇ ತರ. ಅಡ್ಡ ಗಾಡಿಯ, ಅಂದರೆ ರಿಂಗ್ ಕೂರುವ ಅಡ್ಡ ಕಚ್ಚಿನ, ಅಗಲದಲ್ಲಿ ವ್ಯತ್ಯಾಸ. ವೀವರ್‌ನದ್ದು ಸುಮಾರು 4.6 ಮಿಲಿಮೀಟರ್, ಪಿಕಾಟಿನಿಯದ್ದು 5.2. ಪಿಕಾಟಿನಿಯಲ್ಲಿ ಗಾಡಿಗಳು ಹತ್ತು ಮಿಲಿಮೀಟರಿಗೊಂದರಂತೆ ಸಮನಾಗಿ ಬರುತ್ತವೆ, ವೀವರ್‌ನಲ್ಲಿ ಆ ನಿಯಮ ಇಲ್ಲ. ವೀವರ್ ರಿಂಗ್ ಸಾಮಾನ್ಯವಾಗಿ ಪಿಕಾಟಿನಿ ಮೇಲೆ ಕೂರುತ್ತದೆ, ಪಿಕಾಟಿನಿ ರಿಂಗ್ ವೀವರ್ ಮೇಲೆ ಕೂರುವುದು ಅನುಮಾನ. ರಿಂಗ್ ಮತ್ತು ಬೇಸ್ ಒಂದೇ ಬಗೆಯದ್ದು ತಗೊಂಡರೆ ತಲೆಬಿಸಿ ಇಲ್ಲ.

ಆದೂರು ಕೋವಿ:

ಬೇಸ್ ತರುವ ಮೊದಲು ಬೋಲ್ಟಿನ ಹಿಡಿ ನೋಡಿ ಅಣ್ಣ. ಮೌಸರ್ 98ರ ಹಿಡಿ ಪೂರ್ತಿ 90 ಡಿಗ್ರಿ ಮೇಲೆ ಏಳುತ್ತದೆ. ಹಳೆ ನೇರ ಹಿಡಿಯಾದರೆ ಸ್ಕೋಪಿಗೆ ತಾಗುವುದೇ. ಕೆಳಗೆ ಬಗ್ಗಿಸಿದ ಹಿಡಿಯಾದರೂ ತಾಗುತ್ತದಾ ಅಂತ ನೋಡಲೇಬೇಕು.

ಸೇಫ್ಟಿಯೂ ಅಷ್ಟೇ. ಬೋಲ್ಟಿನ ಹಿಂದೆ ಒಂದು ಎಲೆ ಇರುತ್ತದಲ್ಲ, ಎಡಕ್ಕೆ ಇದ್ದರೆ ಗುಂಡು ಹಾರುತ್ತದೆ, ಬಲಕ್ಕೆ ತಿರುಗಿಸಿದರೆ ಲಾಕ್. ಎಡದಿಂದ ಬಲಕ್ಕೆ ಹೋಗಬೇಕಾದರೆ ನೆಟ್ಟಗೆ ಮೇಲೆ ಎದ್ದೇ ಹೋಗಬೇಕು. ಸ್ಕೋಪ್ ತಗ್ಗಿನಲ್ಲಿ ಕೂತರೆ ಎಲೆ ಐಪೀಸಿಗೆ (ಸ್ಕೋಪಿನ ಕಣ್ಣಿನ ಕಡೆಯ ತುದಿ) ಬಡಿದು ಅಲ್ಲೇ ನಿಲ್ಲುತ್ತದೆ. ಆಗ ಕೆಲವರು ಸೇಫ್ಟಿ ಇಲ್ಲದೆಯೇ ತಿರುಗಾಡುತ್ತಾರೆ, ಇದು ಮಾತ್ರ ಬೇಡವೇ ಬೇಡ. ಎತ್ತರದ ರಿಂಗ್ ಹಾಕಿದರೆ ಕೆನ್ನೆ ಕೋವಿಯ ಹಿಂದಿನ ಹಿಡಿಗೆ ಒರಗದೆ ಗಾಳಿಯಲ್ಲಿ ನಿಲ್ಲುತ್ತದೆ. ಸ್ಕೋಪ್ ಹಾಕುವವರಿಗೆಂದೇ ತಗ್ಗಿನಲ್ಲಿ ತಿರುಗುವ ಸೇಫ್ಟಿ ಸಿಗುತ್ತದೆ, ರಿಪೇರಿಯವರ ಹತ್ತಿರ ಅದನ್ನೇ ಹಾಕಿಸಿ.

ಕುಂಬಳೆ ಫಿಟ್ಟರ್:

ಕೂರಿಸುವ ವಿಷಯ ನಾನು ಹೇಳ್ತೇನೆ. ಮೊದಲು ಬೋಲ್ಟ್ ತೆಗೆದು ಚೇಂಬರ್, ಮ್ಯಾಗಜಿನ್ ಎರಡೂ ಖಾಲಿ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ. ತೋಟೆ ಆ ಕೋಣೆಯಲ್ಲೇ ಇರಬಾರದು.

ಎಲ್ಲರೂ ಬಿಟ್ಟುಬಿಡುವುದು ಸ್ಕ್ರೂವಿನ ಉದ್ದ. ಮುಂದಿನ ಬೇಸಿನ ಒಂದು ತೂತು ನಳಿಗೆಯ ಥ್ರೆಡ್ ಮೇಲೆ ಬರುತ್ತದೆ, ಅದರ ಹಿಂದಿನದ್ದು ಬೋಲ್ಟಿನ ಲಗ್ (ಬೋಲ್ಟನ್ನು ಮುಚ್ಚಿ ಹಿಡಿಯುವ ಮುಂದಿನ ಉಬ್ಬು) ತಿರುಗುವ ಜಾಗದ ಮೇಲೆ. ಅಲ್ಲಿ ಸ್ಕ್ರೂ ಒಂದು ಕೂದಲೆಳೆ ಉದ್ದ ಆದರೂ ಬೋಲ್ಟ್ ಬಿಗಿ ಹಿಡಿಯುತ್ತದೆ. ಇನ್ನೊಂದು ತೊಂದರೆ ಇನ್ನೂ ಕೆಟ್ಟದ್ದು. ಸ್ಕ್ರೂವಿನ ತುದಿ ತಳಕ್ಕೆ ತಾಗಿ ನಿಂತಿರುತ್ತದೆ, ಕೈಗೆ ಬಿಗಿ ಆಯಿತು ಅನ್ನಿಸುತ್ತದೆ, ಬೇಸ್ ಮಾತ್ರ ಸಡಿಲವೇ ಇರುತ್ತದೆ. ಆಮೇಲೆ ಗುಂಡು ಎಲ್ಲೆಲ್ಲೋ ಹೋಗುವಾಗ ಸ್ಕೋಪನ್ನು ಬೈಯುತ್ತಾರೆ.

ಹಾಗಾಗಿ ಒಂದು ಸಲಕ್ಕೆ ಒಂದೇ ಸ್ಕ್ರೂ ಹಾಕಿ ಬಿಗಿ ಮಾಡಿ, ಬೋಲ್ಟ್ ಹಾಕಿ ತೆಗೆದು ನೋಡಿ. ತೆಗೆದು ಮುಂದಿನದ್ದು ಹಾಕಿ. ಪ್ರತಿಯೊಂದೂ ನಾಲ್ಕೈದು ಸುತ್ತಾದರೂ ಹಿಡಿಯಬೇಕು. ಬಳಕೆಯಲ್ಲಿರುವುದು ಸಾಮಾನ್ಯವಾಗಿ 6-48 ಸ್ಕ್ರೂ, ಇಂಚಿಗೆ 48 ಥ್ರೆಡ್, ಅಂದರೆ ಒಂದು ಸುತ್ತಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ.

ಎಲ್ಲ ಸರಿ ಇದ್ದರೆ ತೂತನ್ನೂ ಸ್ಕ್ರೂವನ್ನೂ ಅಸಿಟೋನ್‌ನಲ್ಲಿ ಒರೆಸಿ ಎಣ್ಣೆ ಪೂರ್ತಿ ತೆಗೆಯಿರಿ. ಬೇಸಿನ ಅಡಿಗೆ ಮಾತ್ರ ತೆಳುವಾಗಿ ಗನ್ ಎಣ್ಣೆ ಸವರಿ. ನಮ್ಮ ಮಳೆಗಾಲದಲ್ಲಿ ಅಲ್ಲಿ ನೀರು ಸೇರಿದರೆ ಹೊರಗೆ ಕಾಣದ ಹಾಗೆ ತುಕ್ಕು ಹಿಡಿಯುತ್ತದೆ. ಬೇಸ್ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ, ಕೆಂಪು ಬೇಡ. ಬಿಗಿತ ಬೇಸಿಗೆ 20 ಇಂಚು-ಪೌಂಡ್ ಸುತ್ತಮುತ್ತ, ಸ್ಕೋಪ್ ಹಿಡಿಯುವ ರಿಂಗಿನ ಸ್ಕ್ರೂಗೆ 15ರಿಂದ 18. ಕಂಪೆನಿಯ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. ರಿಂಗನ್ನು ಗಾಡಿಯಲ್ಲಿ ಇಟ್ಟು ಮುಂದಕ್ಕೆ ಒತ್ತಿ ಹಿಡಿದು ಬಿಗಿ ಮಾಡಿ. ಗುಂಡು ಹಾರುವಾಗ ರೈಫಲ್ ಹಿಂದೆ ಬರುತ್ತದೆ, ಸ್ಕೋಪ್ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಮೊದಲೇ ಮುಂದಕ್ಕೆ ಕೂತಿದ್ದರೆ ಜಾರಲು ಜಾಗ ಇರುವುದಿಲ್ಲ.

ಕಣ್ಣಿಗೂ ಐಪೀಸಿಗೂ ಎಂಟೊಂಬತ್ತು ಸೆಂಟಿಮೀಟರ್ ಬಿಡಿ. 30-06ರ ಒದೆತಕ್ಕೆ ಹುಬ್ಬು ಒಡೆದುಕೊಂಡವರು ಬಹಳ ಜನ.

ಮುಳ್ಳೇರಿಯ ಗುಡ್ಡೆಮನೆ:

ಬೇಸ್ ಬಗ್ಗೆ ಎಲ್ಲ ಸರಿಯಾಗಿ ಹೇಳಿದ್ದಾರೆ. ನನ್ನ ಚಿಂತೆ ಬೇರೆ. ತೋಟೆ ಕೋವಿಯಿಂದ 30-06ಕ್ಕೆ ಬರುವಾಗ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದೇ ಬದಲಾಗುತ್ತದೆ. ತಪ್ಪಿದ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ನಮ್ಮಲ್ಲಿ ಒಂದು ತೋಟ ಮುಗಿಯುವಲ್ಲಿ ಇನ್ನೊಬ್ಬರ ಮನೆ ಅಂಗಳ ಅಲ್ವಾ. ಮುರಕಲ್ಲಿಗೆ ತಾಗಿದರೆ ಯಾವ ಕಡೆಗೆ ಚಿಮ್ಮುತ್ತದೆ ಹೇಳಲು ಬರುವುದಿಲ್ಲ. ಹಂದಿಯ ಹಿಂದೆ ಮಣ್ಣಿನ ಬರೆ ಇದ್ದರೆ ಮಾತ್ರ, ಇಲ್ಲವೇ ಅಟ್ಟಣಿಗೆಯ ಮೇಲಿಂದ ಕೆಳಮುಖವಾಗಿ ಮಾತ್ರ ಕುದುರೆ (ಟ್ರಿಗರ್) ಎಳೆಯಿರಿ.

ಸ್ಕೋಪನ್ನು 3ರಲ್ಲೇ ಇಡಿ. 9ಕ್ಕೆ ತಿರುಗಿಸಿದರೆ ಮೂವತ್ತು ಮೀಟರಿನಲ್ಲಿ ಬರೀ ಕೂದಲು ಕಾಣುತ್ತದೆ, ಹಂದಿಯ ಹಿಂದೆ ಏನಿದೆ ಗೊತ್ತಾಗುವುದಿಲ್ಲ. ಬೆಳಕೂ ಕಡಿಮೆ. 40ನ್ನು 9ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ ನಾಲ್ಕೂವರೆ ಮಿಲಿಮೀಟರ್ ಕೂಡ ಇಲ್ಲ, 3ರಲ್ಲಿ ಹದಿಮೂರು. ಮತ್ತೆ ಗುರಿ ಹಿಡಿಯಲು ನಳಿಗೆಯ ಮೇಲಿರುವ ಹಳೆ ಸೈಟ್ ಕೀಳಬೇಡಿ. ಸನ್ನೆ ಎತ್ತಿ ತೆಗೆಯುವ ರಿಂಗ್ ಹಾಕಿದರೆ ಮಳೆಗೆ ಗಾಜು ಮಂಜಾದಾಗ ಸ್ಕೋಪ್ ತೆಗೆದು ಸೈಟಿನಲ್ಲೇ ನೋಡಬಹುದು. ಚುನಾವಣೆಗೆ ಠಾಣೆಯಲ್ಲಿ ಇಡುವಾಗಲೂ ಸ್ಕೋಪ್ ಮನೆಯಲ್ಲೇ ಉಳಿಯುತ್ತದೆ.

ಪೆರ್ಲದ ಕೃಷಿಕ:

ಎಲ್ಲರಿಗೂ ಧನ್ಯವಾದ. ಅಳತೆ ಹಿಡಿದು ಹೋಗಿ ಎರಡು ತುಂಡಿನ ವೀವರ್ ಬೇಸ್, ತೆಗೆಯಲು ಬರುವ ರಿಂಗ್ ತಂದೆ. ಫಿಟ್ಟರ್ ಅಣ್ಣ ಹೇಳಿದ ಹಾಗೆ ಒಂದೊಂದೇ ಸ್ಕ್ರೂ ಹಾಕಿ ನೋಡಿದೆ. ಮುಂದಿನ ಬೇಸಿನ ಹಿಂದಿನ ಸ್ಕ್ರೂ ಬಿಗಿ ಮಾಡಿದರೆ ಬೋಲ್ಟಿನ ಹಿಡಿ ಕೊನೆಗೆ ಒರಟಾಗಿ ಇಳಿಯುತ್ತದೆ, ಅರ್ಧ ಸುತ್ತು ಬಿಟ್ಟರೆ ಸಲೀಸು. ಲಗ್ಗಿನ ಮೇಲೆ ಹೊಳೆಯುವ ಸಣ್ಣ ಗೀರು ಕೂಡ ಬಿದ್ದಿದೆ. ಅಡಿಗೆ ವಾಷರ್ ಹಾಕಿದರೆ ಆಗುತ್ತದಾ?

ಕುಂಬಳೆ ಫಿಟ್ಟರ್:

ವಾಷರ್ ಬೇಡ, ಸ್ಕ್ರೂವಿನ ತಲೆ ಸರಿಯಾಗಿ ಕೂರುವುದಿಲ್ಲ. ತುದಿಯನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿ. ಅರ್ಧ ಸುತ್ತು ಅಂದರೆ ಕಾಲು ಮಿಲಿಮೀಟರ್, ಅದರ ಎರಡರಷ್ಟು ತೆಗೆಯಿರಿ. ತುದಿಯ ಅಂಚು ನಯ ಮಾಡಿ, ಕಬ್ಬಿಣದ ಪುಡಿ ಒಳಗೆ ಉಳಿಯದ ಹಾಗೆ ಒರೆಸಿ ಮತ್ತೆ ನೋಡಿ. ಸ್ಕ್ರೂ ಅಡ್ಡ ಇರುವಾಗ ಬೋಲ್ಟನ್ನು ಒತ್ತಿ ಮುಚ್ಚಬೇಡಿ.

ಆಮೇಲೆ ಅನುಮತಿ ಇರುವ ರೇಂಜಿನಲ್ಲಿ 25 ಮೀಟರಿನಿಂದ ಶುರು ಮಾಡಿ. ಬೋಲ್ಟ್ ತೆಗೆದು ನಳಿಗೆಯೊಳಗಿಂದ ಗುರಿ ನೋಡಿ, ರೈಫಲ್ ಅಲ್ಲಾಡಿಸದೆ ಸ್ಕೋಪಿನ ಗೆರೆಯನ್ನು ಅದಕ್ಕೇ ತನ್ನಿ. ಕಾಲು ಮಿನಿಟಿನ ಸ್ಕೋಪಾದರೆ (ಮಿನಿಟು ಅಂದರೆ ಒಂದು ಡಿಗ್ರಿ ಕೋನದ ಅರುವತ್ತನೇ ಒಂದು ಭಾಗ) ಗೆರೆ ಸರಿಸುವ ಒಂದು ಕ್ಲಿಕ್ 100 ಮೀಟರಿನಲ್ಲಿ 7 ಮಿಲಿಮೀಟರ್, 25ರಲ್ಲಿ ಎರಡೂ ತುಂಬುವುದಿಲ್ಲ. ನಿಮ್ಮ ತೋಟಕ್ಕೆ 50 ಮೀಟರಿಗೆ ಸೆಟ್ ಮಾಡಿದರೆ ಸಾಕು. ಆಗ 25ರಲ್ಲಿ ಗುಂಡು ಸುಮಾರು ಒಂದೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತದೆ, 100ರಲ್ಲೂ ಹೆಚ್ಚು ಕಡಿಮೆ ಗೆರೆಯಲ್ಲೇ ಇರುತ್ತದೆ. ಮೊದಲ ದಿನದ ಗುಂಡುಗಳ ನಂತರ ಎಲ್ಲ ಸ್ಕ್ರೂಗಳ ಬಿಗಿತ ಇನ್ನೊಮ್ಮೆ ನೋಡಿ. ಠಾಣೆಯಿಂದ ರೈಫಲ್ ವಾಪಸ್ ತಂದಾಗಲೂ ಹಾಗೆಯೇ, ಸ್ಕೋಪ್ ಹಾಕಿದ ಮೇಲೆ ರೇಂಜಿನಲ್ಲಿ ಒಂದೆರಡು ಗುಂಡು ಹಾಕಿ ಖಾತ್ರಿ ಮಾಡಿಕೊಳ್ಳಿ.