ಮನಸ್ಲು ಸರ್ಕ್ಯೂಟ್ ಒಬ್ಳೇ ಮಾಡ್ಬೇಕು, ಪರ್ಮಿಟ್ ವಿಷ್ಯದಲ್ಲಿ ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ನೇಪಾಳದ ಮನಸ್ಲು ಸರ್ಕ್ಯೂಟ್ (ಮನಸ್ಲು ಪರ್ವತದ ಸುತ್ತ ನಡೆಯೋ ಟ್ರೆಕ್) ಮಾಡೋ ಪ್ಲಾನ್ ಇದೆ, ಜೊತೆಗೆ ಯಾರೂ ಬರ್ತಿಲ್ಲ. ಅದು ರಿಸ್ಟ್ರಿಕ್ಟೆಡ್ ಏರಿಯಾ ಆಗಿರೋದ್ರಿಂದ ಪರ್ಮಿಟ್ ನಾವೇ ಹೋಗಿ ತಗೊಳಕ್ಕಾಗಲ್ಲ, ಅಲ್ಲಿನ ರಿಜಿಸ್ಟರ್ಡ್ ಏಜೆನ್ಸಿ ಮೂಲಕಾನೇ ಆಗ್ಬೇಕು, ಲೈಸೆನ್ಸ್ ಇರೋ ಗೈಡ್ ಕಡ್ಡಾಯ, ಅದಕ್ಕೆ ನನ್ನ ತಕರಾರೇನಿಲ್ಲ. ತಲೆನೋವು ಏನಂದ್ರೆ ಕನಿಷ್ಠ ಇಬ್ರು ಇರ್ಬೇಕು ಅನ್ನೋ ಹಳೇ ರೂಲು. ಈಗ ಒಬ್ರಿಗೂ ಕೊಡ್ತಾರೆ ಅಂತ ಒಬ್ರು, ಇಲ್ವೇ ಇಲ್ಲ ಅಂತ ಇನ್ನೊಬ್ರು. ಒಂದು ಏಜೆನ್ಸಿಯವ್ರಂತೂ "ಬೇರೆ ಯಾರದ್ದೋ ಪಾಸ್‌ಪೋರ್ಟ್ ಸೇರಿಸಿ ಎರಡು ಪರ್ಮಿಟ್ ಮಾಡಿಸ್ತೀವಿ, ಎರಡರ ದುಡ್ಡೂ ನೀವೇ ಕೊಡಿ" ಅಂದ್ರು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೊದಲ ವಾರಕ್ಕೇ 100 ಡಾಲರ್, ಆಮೇಲೆ ದಿನಕ್ಕೆ 15, ಅದರ ಮೇಲೆ ದಾರೀಲಿ ಬರೋ ಮನಸ್ಲು, ಅನ್ನಪೂರ್ಣ ಎರಡೂ ಸಂರಕ್ಷಿತ ಪ್ರದೇಶಕ್ಕೆ ಕನ್ಸರ್ವೇಶನ್ ಫೀಸ್ ಬೇರೆ! ದುಡ್ಡಿಗಿಂತ ಹೆಚ್ಚಾಗಿ, ಇಲ್ಲದೇ ಇರೋ ಮನುಷ್ಯನ ಹೆಸರಲ್ಲಿ, ಪರ್ಮಿಟ್ ಚೆಕ್ ಮಾಡೋ ಜಗತ್ ಚೆಕ್‌ಪೋಸ್ಟ್ ದಾಟೋದು ನಂಗೆ ಸರಿ ಅನ್ಸಲ್ಲ, ನಾಳೆ ಬೆಟ್ಟ ದಾಟೋ ಲಾರ್ಕ್ಯಾ ಪಾಸ್ ಹತ್ರ, ಅದೂ 5,100 ಮೀಟರ್ ಮೇಲೆ, ಏನಾದ್ರೂ ಆಗಿ ಹೆಲಿಕಾಪ್ಟರ್ ಕರೀಬೇಕಾದ್ರೆ ಇನ್ಶೂರೆನ್ಸ್‌ನವ್ರು ಇದನ್ನೇ ನೆಪ ಮಾಡಿದ್ರೆ?

ಇತ್ತೀಚಿಗೆ ಹೋಗ್ಬಂದೋರು ದಯವಿಟ್ಟು ಹೇಳಿ, ನಿಮ್ಗೆ ಒಬ್ರ ಹೆಸರಲ್ಲೇ ಪರ್ಮಿಟ್ ಸಿಕ್ತಾ? ನಮ್ಮೋರಿಗೆ ನೇಪಾಳಕ್ಕೆ ಹೋಗಕ್ಕೆ ವೋಟರ್ ಐಡಿ ಸಾಕು, ಆದ್ರೆ ಈ ಪರ್ಮಿಟ್‌ಗೆ ಪಾಸ್‌ಪೋರ್ಟೇ ಕೇಳ್ತಾರಾ? ನನ್ನದು ರಿನ್ಯೂವಲ್‌ಗೆ ಹೋಗಿದೆ. ಇಲ್ಲಾಂದ್ರೆ ಅದೇ ಟೈಮಲ್ಲಿ ಹೋಗ್ತಿರೋರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಪರ್ಮಿಟ್ ಒಟ್ಟಿಗೆ ಮಾಡ್ಸೋಣ. ನಾನು ಸ್ವಲ್ಪ ನಿಧಾನ ನಡೆಯೋಳು, ದಾರೀಲಿ ಸಿಗೋ ಹಳ್ಳಿ ಸಾಮಗಾಂವ್‌ನಲ್ಲಿ ಒಂದು ದಿನ ರೆಸ್ಟ್ ಬೇಕೇ ಬೇಕು.