ಗ್ಲಾಕೋಮಾ ಇರುವ ಕಣ್ಣಿಗೆ ಪೊರೆ ಬಂದರೆ: ಫೇಕೋ ಮಾತ್ರವೋ, ಟ್ರಾಬ್ ಜೊತೆಗೋ?

ಕುಂಬಳೆ_ರಿಫ್ರಾಕ್ಷನ್:
71 ವರ್ಷದ ಗಂಡಸು, ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರು. ಎರಡೂ ಕಣ್ಣಲ್ಲಿ ಪೊರೆ, ಜೊತೆಗೆ ಗ್ಲಾಕೋಮಾ (ಕಣ್ಣಿನ ಒತ್ತಡಕ್ಕೆ ನರ ಸಾಯುವ ರೋಗ). ರಾತ್ರಿ ಲ್ಯಾಟನೊಪ್ರೋಸ್ಟ್, ಎರಡು ಹೊತ್ತು ಟಿಮೊಲೊಲ್ ಹನಿ ಹಾಕಿಯೂ ಬಲಗಣ್ಣಿನ ಒತ್ತಡ 24 (ಮಿ.ಮೀ. ಪಾದರಸ), ಫೀಲ್ಡ್ ಟೆಸ್ಟಿನ (ಸುತ್ತಲ ನೋಟದ ಪರೀಕ್ಷೆ) ಎಂ.ಡಿ. (ನೋಟದ ಸರಾಸರಿ ಕೊರತೆ) −14. ಅದೇ ಮದ್ದಿಗೆ ಎಡಗಣ್ಣು 16, ಎಂ.ಡಿ. −4. ಗೋನಿಯೋದಲ್ಲಿ (ಕಣ್ಣೊಳಗಿನ ನೀರು ಹೊರಹೋಗುವ ಕೋನ ನೋಡುವ ಪರೀಕ್ಷೆ) ಎರಡೂ ಕೋನ ತೆರೆದೇ ಉಂಟು. ಬಲಗಣ್ಣಿನ ಪಾಪೆಯ ಅಂಚಿಗೆ ತಲೆಹೊಟ್ಟಿನ ಹಾಗೆ ಬಿಳಿ ಪುಡಿ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತಗೊಳ್ತಾರೆ. ಬರೀ ಫೇಕೋಗೆ (ಪೊರೆಯನ್ನು ಪುಡಿಮಾಡಿ ತೆಗೆದು ಲೆನ್ಸ್ ಹಾಕುವ ಆಪರೇಷನ್) ಬರೆಯುವುದಾ, ಟ್ರಾಬೆಕ್ಯುಲೆಕ್ಟಮಿಯನ್ನೂ (ಟ್ರಾಬ್: ಕಣ್ಣೊಳಗಿನ ನೀರಿಗೆ ಹೊಸ ದಾರಿ ಮಾಡಿ ಒತ್ತಡ ಇಳಿಸುವ ಆಪರೇಷನ್) ಒಟ್ಟಿಗೆ ಹೇಳುವುದಾ? ಮನೆಯವರದ್ದು ಒಂದೇ ಪ್ರಶ್ನೆ: ಪೊರೆ ತೆಗೆದರೆ ಪೇಪರ್ ಓದಲಿಕ್ಕೆ ಆಗ್ತದಾ?

ಗಡಿನಾಡ_ಕಣ್ಣು:
ಎರಡು ಕಣ್ಣಿಗೆ ಎರಡು ಲೆಕ್ಕ ಹಾಕಿ. ಎಡಗಣ್ಣಿಗೆ ಫೇಕೋ ಸಾಕು. ಪೊರೆ ತೆಗೆದರೆ ಒತ್ತಡ ಸಾಮಾನ್ಯವಾಗಿ 2ರಿಂದ 4ರಷ್ಟು ಇಳಿಯುತ್ತದೆ. ಮೊದಲೇ 16 ಇದ್ದ ಕಣ್ಣಲ್ಲಿ ಅದಕ್ಕಿಂತ ಕಡಿಮೆಯೇ ಇಳಿದೀತು. ಮದ್ದು ನಿಲ್ಲಿಸುವ ಮಾತು ಈಗಲೇ ಬೇಡ.

ಬಲಗಣ್ಣಲ್ಲಿ ಆ 2–4ನ್ನು ನಂಬಿ ಕೂರುವಂತಿಲ್ಲ. ಎಂ.ಡಿ. −12 ದಾಟಿದರೆ ಮುಂದುವರಿದ ಗ್ಲಾಕೋಮಾ, ಗುರಿ 12ರ ಆಸುಪಾಸಿನಲ್ಲಿರಬೇಕು. ಅದಕ್ಕೆ ಫೇಕೋ ಮತ್ತು ಟ್ರಾಬ್ ಒಂದೇ ಸಲ. ಮೊದಲು ಟ್ರಾಬ್, ಆಮೇಲೆ ಪೊರೆ ಅಂತ ಬಿಡಿಸಿದರೆ ಒತ್ತಡ ಇನ್ನೂ ಸ್ವಲ್ಪ ಚೆನ್ನಾಗಿ ಇಳಿಯುತ್ತದೆ ನಿಜ. ಆದರೆ ನಡುವೆ ಕನಿಷ್ಠ 6 ತಿಂಗಳು ಕಾಯಬೇಕು. ಬೇಗ ಫೇಕೋ ಮಾಡಿದರೆ ಆ ಉರಿಯೂತಕ್ಕೆ ಟ್ರಾಬಿನ ಗುಳ್ಳೆ (ಹೊರಬಂದ ನೀರು ಕಣ್ಣಿನ ಮೇಲ್ಪದರದಡಿ ನಿಲ್ಲುವ ಉಬ್ಬು) ಮುಚ್ಚಿಕೊಳ್ಳುತ್ತದೆ. ಕೋನ ಮುಚ್ಚಿದ ಗ್ಲಾಕೋಮಾ ಆಗಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು. ಅಲ್ಲಿ ಪೊರೆಯೇ ಬಾರದ ಲೆನ್ಸ್ ತೆಗೆದರೂ ಲೇಸರಿಗಿಂತ ಹೆಚ್ಚು ಫಲ ಅಂತ 2016ರ ಈಗಲ್ ಅಧ್ಯಯನದಲ್ಲಿ ಕಂಡಿದೆ.

ಪೇಪರಿನ ವಿಷಯ. −14ರಲ್ಲಿ ಒಂದು ಪಾಲು ಪೊರೆಯದ್ದೇ ಇರಬಹುದು, ಅದು ಇಡೀ ಫೀಲ್ಡನ್ನು ಮಬ್ಬು ಮಾಡುತ್ತದೆ. ಪ್ಯಾಟರ್ನ್ ಡೀವಿಯೇಷನ್ ನಕ್ಷೆ (ಆ ಮಬ್ಬು ಕಳೆದು ಉಳಿದ ನಷ್ಟ ತೋರಿಸುವುದು) ನೋಡಿ, 10-2 ಟೆಸ್ಟ್ (ನಡುವಿನ ನೋಟದ್ದೇ ಫೀಲ್ಡ್ ಟೆಸ್ಟ್) ಮಾಡಿಸಿ. ನಟ್ಟನಡುವಿನ ಚುಕ್ಕಿಗಳು ಉಳಿದಿದ್ದರೆ ಅಕ್ಷರ ಕಾಣುತ್ತದೆ, ಆದರೆ ಒಂದು ಸಾಲು ಮುಗಿದು ಮುಂದಿನ ಸಾಲಿನ ತುದಿಯನ್ನು ಬೆರಳಿಟ್ಟು ಹುಡುಕಬೇಕಾಗುತ್ತದೆ. ಹೀಗೇ ಹೇಳಿ, ಆಪರೇಷನ್ನಿಗೆ ಮೊದಲೇ ಹೇಳಿ. ನರ ಸತ್ತ ಜಾಗದ ದೃಷ್ಟಿ ಯಾವ ಲೆನ್ಸಿಗೂ ವಾಪಸ್ ಬರುವುದಿಲ್ಲ.

ಥಿಯೇಟರ್_ಟೇಬಲ್:
ಆ ಬಿಳಿ ಪುಡಿ ಸೂಡೋಎಕ್ಸ್‌ಫೋಲಿಯೇಶನ್ (ಕಣ್ಣೊಳಗೆ ಪುಡಿಯಂಥ ವಸ್ತು ಕೂರುವ ರೋಗ). ಪಾಪೆ ಸರಿ ಹಿಗ್ಗುವುದಿಲ್ಲ, ಲೆನ್ಸನ್ನು ಹಿಡಿದ ಎಳೆಗಳು ಸಡಿಲ. ಅದರ ಮೇಲೆ ಟ್ಯಾಮ್ಸುಲೋಸಿನ್! ನೀರಿನ ಹರಿವಿಗೆ ಐರಿಸ್ ಬಟ್ಟೆಯ ಹಾಗೆ ಪಟಪಟಿಸಿ ಗಾಯದ ಬಾಯಿಗೆ ಬಂದು ಸಿಕ್ಕಿಕೊಳ್ತದೆ. ಮಾತ್ರೆ ಹದಿನೈದು ದಿನ ನಿಲ್ಲಿಸಿದರೂ ಆ ಗುಣ ಹೋಗುವುದಿಲ್ಲ, ನಿಲ್ಲಿಸಿ ಮೂತ್ರ ಕಟ್ಟಿಸಿಕೊಳ್ಳುವುದೂ ಬೇಡ. ರೆಫರಲ್ ಚೀಟಿಯ ಮೊದಲ ಸಾಲಿನಲ್ಲೇ ಎರಡನ್ನೂ ಬರೆಯಿರಿ. ಐರಿಸ್ ಹುಕ್ (ಪಾಪೆ ಅಗಲ ಹಿಡಿಯುವ ಕೊಕ್ಕೆ), ಕ್ಯಾಪ್ಸ್ಯುಲರ್ ಟೆನ್ಷನ್ ರಿಂಗ್ (ಲೆನ್ಸಿನ ಚೀಲಕ್ಕೆ ಆಸರೆಯ ಬಳೆ) ಟೇಬಲ್ ಹತ್ತಿರ ಇಟ್ಟುಕೊಂಡೇ ಶುರು ಮಾಡ್ತಾರೆ.

ಮರವು ಕೊಡುವಾಗಲೂ ಜಾಗ್ರತೆ. ಬಲಗಣ್ಣಿನ ನರ ಸಣ್ಣ ಒತ್ತಡವನ್ನೂ ತಡೆಯುವ ಸ್ಥಿತಿಯಲ್ಲಿಲ್ಲ, ಕಣ್ಣಿನ ಹಿಂದೆ ಸೂಜಿ ಚುಚ್ಚಿ ಮದ್ದು ತುಂಬುವುದಕ್ಕಿಂತ ಸಬ್-ಟೆನನ್ (ಮೊಂಡು ನಳಿಕೆಯಿಂದ ಕಣ್ಣುಗುಡ್ಡೆಯ ಹೊರಪದರದಡಿ ಮದ್ದು ಬಿಡುವುದು) ಮೇಲು. ಟ್ರಾಬಿನಲ್ಲಿ ಕಲೆ ಕಟ್ಟದಂತೆ ಮೈಟೊಮೈಸಿನ್ 0.2ರಿಂದ 0.4 ಮಿ.ಗ್ರಾಂ/ಮಿ.ಲೀ., ಸ್ಪಂಜಿನಲ್ಲಿ 2–3 ನಿಮಿಷ. ಹೆಚ್ಚಾದರೆ ಗುಳ್ಳೆಯ ಗೋಡೆ ತೆಳುವಾಗಿ ಸೋರ್ತದೆ.

ಎಡಗಣ್ಣು ಸುಲಭ ಅಂತ ಬಿಡಬೇಡಿ. ಆಪರೇಷನ್ನಿನಲ್ಲಿ ತುಂಬಿದ ಜೆಲ್ಲಿ ಒಳಗೆ ಉಳಿದು ಫೇಕೋ ಆದ ಮೊದಲ ದಿನವೇ ಒತ್ತಡ 30 ದಾಟಬಹುದು. ಅದಕ್ಕೇ ಆ ರಾತ್ರಿಗೆ ಒತ್ತಡ ಇಳಿಸುವ ಮಾತ್ರೆ ಅಸಿಟಜೋಲಮೈಡ್ 250 ಮಿ.ಗ್ರಾಂ ಕೊಡುವುದು. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದರೆ ಕೊಡಬಾರದು.

ಕುಂಬಳೆ_ರಿಫ್ರಾಕ್ಷನ್:
ಉಪಕಾರ. ದೂರಕ್ಕೂ ಹತ್ತಿರಕ್ಕೂ ಕನ್ನಡಕ ಬೇಡದ ಮಲ್ಟಿಫೋಕಲ್ ಹಾಕಿಸ್ತೇವೆ ಅಂತಾರೆ ಮಕ್ಕಳು. ಆಟಿಯಲ್ಲಿ (ತುಳುನಾಡಿನ ಜೋರು ಮಳೆಯ ತಿಂಗಳು) ಕಣ್ಣಿನ ಆಪರೇಷನ್ ಆಗದು ಅಂತ ಅವರ ಹೆಂಡತಿ.

ಫಾಲೋಅಪ್_ಅಕ್ಕ:
ಮಲ್ಟಿಫೋಕಲ್ ಖಂಡಿತ ಬೇಡ. ಬೆಳಕನ್ನು ಹಂಚುವ ಲೆನ್ಸ್ ಅದು. ಗ್ಲಾಕೋಮಾದಲ್ಲಿ ಮೊದಲೇ ಕುಂದಿದ ಕಾಂಟ್ರಾಸ್ಟ್ ಇನ್ನಷ್ಟು ಕುಂದುತ್ತದೆ. ಒಂದೇ ದೂರಕ್ಕೆ ಹೊಂದಿಸಿದ ಮೋನೋಫೋಕಲ್ ಹಾಕಿಸಿ, ಓದಲಿಕ್ಕೆ ಕನ್ನಡಕ.

ಆಟಿಯ ಮಳೆಯಿಂದ ಕಣ್ಣಿಗೆ ದೋಷವಿಲ್ಲ, ದಾರಿಯದ್ದೇ ತಲೆಬಿಸಿ. ಟ್ರಾಬ್ ಅರ್ಧ ಮುಗಿಯುವುದು ಟೇಬಲಿನ ಮೇಲೆ, ಉಳಿದರ್ಧ ಆಮೇಲಿನ ಆರು ವಾರದಲ್ಲಿ. ಮರುದಿನ, ಆಮೇಲೆ ಒಂದು ತಿಂಗಳು ವಾರ ವಾರ ತೋರಿಸಬೇಕು. ಒತ್ತಡ ಏರಿದರೆ ನೀರಿನ ದಾರಿ ಸಡಿಲಿಸಲು ಲೇಸರಿನಿಂದ ಟ್ರಾಬಿನ ಹೊಲಿಗೆ ಕತ್ತರಿಸುವುದು ಆ ಮೊದಲ ವಾರಗಳಲ್ಲೇ. ತಡವಾದರೆ ಕಲೆ ಕಟ್ಟಿ ಏನೂ ನಡೆಯದು. ಮುಳ್ಳೇರಿಯದಿಂದ ಮಂಗಳೂರಿಗೆ ಅಷ್ಟು ಸಲ ಕರೆದುಕೊಂಡು ಹೋಗುವವರು ಯಾರು ಅಂತ ಮೊದಲೇ ನಿಶ್ಚಯವಾಗಲಿ.

ಮನೆಯಲ್ಲಿ ಎಡವಟ್ಟಾಗುವುದು ಕುಪ್ಪಿಗಳಲ್ಲಿ. ಬಲಗಣ್ಣಿಗೆ ಟ್ರಾಬ್ ಆದರೆ ಅದರ ಹಳೆಯ ಗ್ಲಾಕೋಮಾ ಮದ್ದು ನಿಲ್ಲಿಸ್ತಾರೆ, ಎಡಗಣ್ಣಿಗೆ ಅದೇ ಮದ್ದು ನಡೆಯುತ್ತಲೇ ಇರಬೇಕು. ಆಪರೇಷನ್ ಆದ ಮೇಲೆ ಉರಿಯೂತಕ್ಕೆ ಹಾಕುವ ಸ್ಟೀರಾಯ್ಡ್ ಹನಿಯದ್ದು ಇದಕ್ಕೆ ತದ್ವಿರುದ್ಧ: ಬಲಕ್ಕೆ 2–3 ತಿಂಗಳು ಬೇಕು, ಕಣ್ಣು ಸ್ಪಷ್ಟವಾಯ್ತು ಅಂತ ಬಿಟ್ಟರೆ ಗುಳ್ಳೆ ಒಣಗ್ತದೆ. ಮುಂದೆ ಎಡಕ್ಕೆ ಫೇಕೋ ಆದಾಗ ನಾಲ್ಕೈದು ವಾರದಲ್ಲಿ ಮುಗಿಸಿ, ಮೂರನೇ ವಾರ ಒತ್ತಡ ನೋಡಿಸಿ. ಸ್ಟೀರಾಯ್ಡಿನಿಂದಲೇ ಏರುವವರು ಗ್ಲಾಕೋಮಾದವರಲ್ಲಿ ಹೆಚ್ಚು. ಬಲಗಣ್ಣಿನ ಕುಪ್ಪಿಗೆಲ್ಲ ಕೆಂಪು ನೂಲು ಕಟ್ಟಿ ಬೇರೆ ಡಬ್ಬಿಯಲ್ಲಿಡಿ. ಎರಡು ಹನಿಗಳ ನಡುವೆ 5 ನಿಮಿಷ ಬಿಡಬೇಕು.

ಅಡಿಕೆ ಸುಲಿಯುವ ಧೂಳು, ಬಗ್ಗಿ ಭಾರ ಎತ್ತುವುದು ಒಂದು ತಿಂಗಳು ಬೇಡ. ಟ್ರಾಬ್ ಆದ ಕಣ್ಣಿಗೆ ಕೆರೆಯ ಮುಳುಗು ಸ್ನಾನ ಇನ್ನು ಮುಂದೆಯೂ ಬೇಡ. ವರ್ಷಗಳ ಮೇಲೂ ಆ ಕಣ್ಣು ಕೆಂಪಾಗಿ, ನೋವು ಬಂದು, ಕೀವು ಕಂಡರೆ ಸೋಂಕು ಗುಳ್ಳೆಯ ದಾರಿಯಾಗಿ ಒಳಗೆ ಇಳಿಯುತ್ತಿದೆ ಅಂತಲೇ ಲೆಕ್ಕ. ಮರುದಿನದ ಬಸ್ಸಿಗೆ ಕಾಯದೆ ಅದೇ ದಿನ ಹೊರಡಲಿ.