ಪದ ಬೇಕು, ತುರ್ತು: ರೋಬೋ ಕಾಳಗಕ್ಕೆ ‘ಅಗ್ಗದ ಬಿಡಿಭಾಗ’ ಸರಿಯೇ?

ಹಾಸನದಿಂದ:

ಅನುವಾದಕರ ಗುಂಪಿನ ಎಲ್ಲರಿಗೂ ನಮಸ್ಕಾರ. ಎರಡು ಪುಟದ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಓದುವವರು ಡಿಪ್ಲೊಮಾ ಮೊದಲ ವರ್ಷದ ಮಕ್ಕಳು. ರಿಮೋಟಿನಲ್ಲಿ ಓಡುವ ಎರಡು ರೋಬೋಗಳನ್ನು ದಪ್ಪ ಪಾಲಿಕಾರ್ಬನೇಟ್ ಗೋಡೆಯ ಕಣದೊಳಗೆ ಬಿಟ್ಟು ಗುದ್ದಾಡಿಸುತ್ತಾರಲ್ಲ, ಅದಕ್ಕೆ ಮೊದಲ ರೋಬೋ ಕಟ್ಟುವವರು ಏನೇನು ಕೊಳ್ಳಬೇಕು ಅನ್ನುವುದು ವಿಷಯ.

‘ಕಾಂಬ್ಯಾಟ್ ರೋಬೋ’ಗೆ ಯುದ್ಧ ರೋಬೋ ಅಂದರೆ ಸೇನೆಯದ್ದು ಅನ್ನಿಸುತ್ತದೆ. ‘ಅಫೋರ್ಡಬಲ್ ಪಾರ್ಟ್ಸ್’ಗೆ ಅಗ್ಗದ ಬಿಡಿಭಾಗ ಅಂತ ಬರೆದೆ, ಕಳಪೆ ಮಾಲು ಅಂದ ಹಾಗೆ ಕೇಳಿಸುತ್ತಿದೆ. ಕೈಗೆಟಕುವ ಬೆಲೆ ಅಂದರೆ ಸೈಟು ಮಾರುವವರ ಜಾಹೀರಾತು. ಇನ್ನು ‘ವೆಡ್ಜ್’, ‘ಇಎಸ್‌ಸಿ’ (ಮೋಟಾರಿನ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಸಾಧನ), ‘ಬೀಟಲ್‌ವೇಟ್’ (ರೋಬೋಗಳ ಒಂದು ತೂಕದ ವರ್ಗ), ‘ಫೇಲ್‌ಸೇಫ್’ ಉಳಿದಿವೆ. ದಯವಿಟ್ಟು ಇವತ್ತೇ ಉತ್ತರಿಸಿ.

ಮೈಸೂರಿನಿಂದ:

ಬಿಡಿಭಾಗ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ್ದು. ವೈಯಾಕರಣಿ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಅಂದದ್ದನ್ನು ನಾವಿನ್ನೂ ಅಚ್ಚು ಹಾಕಿಸುತ್ತಿದ್ದೇವೆ. ಬಿಡಿತುಂಡು ಅನ್ನಿ. ಅಗ್ಗ ಅಚ್ಚಗನ್ನಡ, ಅದನ್ನು ಬಿಡಬೇಡಿ. ಅದರಲ್ಲಿ ಕಳಪೆ ಏನೂ ಇಲ್ಲ.

ರೋಬೋ ಅನ್ನುವುದನ್ನೂ ಸುಮ್ನೆ ಎತ್ತಿಕೊಳ್ಳಬೇಕಿಲ್ಲ. ಮೂಲದಲ್ಲಿ ಅದು ಚೆಕ್ ಭಾಷೆಯ ರೋಬೋತಾ, ಅಂದರೆ ಬಿಟ್ಟಿ ದುಡಿಮೆ. ನಮ್ಮಲ್ಲಿ ‘ಬಿಟ್ಟಿಯಾಳು’ ಅಂತ ನೇರವಾಗಿ ಬರುತ್ತದೆ. ಯಂತ್ರಮಾನವ ಮಾತ್ರ ಬೇಡ.

ಬೆಂಗಳೂರಿನಿಂದ:

ಯಂತ್ರಮಾನವ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಕಾರಣ ಬೇರೆ: ಇವು ನಾಲ್ಕು ಗಾಲಿಯ ಚಪ್ಪಟೆ ಪೆಟ್ಟಿಗೆಗಳು, ಮನುಷ್ಯನ ಆಕಾರವೇ ಇಲ್ಲ. ಬಿಟ್ಟಿಯಾಳು ಮಾತ್ರ ಖಂಡಿತ ಆಗಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ನಮ್ಮ ಎಸ್‌ಪಿ ರೋಡಿನಲ್ಲಿ ನಿಂತು ಮಗು ಕೇಳಬೇಕಾದ ಸಾಮಾನಿನ ಹೆಸರು ಅಂಗಡಿಯವನಿಗೆ ಅರ್ಥವಾಗಬೇಕು. ರೋಬೋ ಕಾಳಗ ಅನ್ನಿ, ಕಾಳಗದ ರೋಬೋ ಅನ್ನಿ. ಟಗರು ಕಾಳಗ ಗೊತ್ತಿರುವವರಿಗೆ ಮುಂದೆ ವಿವರಣೆಯೇ ಬೇಡ.

ಅಗ್ಗ ಬೇಡ. ಅದು ಎಲ್ಲಿಂದ ಬಂತು ಅನ್ನುವುದಕ್ಕಲ್ಲ, ಅರ್ಥಕ್ಕೆ. ಈ ಆಟದಲ್ಲಿ ಬೆಲೆ ಬೇರೆ, ಖರ್ಚು ಬೇರೆ. ಬೆಲೆ ಅಂದರೆ ಅಂಗಡಿಯಲ್ಲಿ ಕೊಡುವುದು. ಖರ್ಚು ಅಂದರೆ ಸುಟ್ಟದ್ದು, ಮುರಿದದ್ದು ಎಲ್ಲ ಸೇರಿ ಪಂದ್ಯ ಮುಗಿಯುವಷ್ಟರಲ್ಲಿ ಆಗುವುದು. ಮೋಟಾರು ಸಿಕ್ಕಿಕೊಂಡು ನಿಂತಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಎಷ್ಟೋ ಜಾಸ್ತಿ. ಗೋಡೆಗೆ ಒತ್ತಿ ಹಿಡಿದಾಗ ಆಗುವುದೇ ಅದು. ಅದನ್ನು ತಾಳದ ಅಗ್ಗದ ಇಎಸ್‌ಸಿ ತಂದರೆ ಅದು ಹೊಗೆಯಾಡುತ್ತದೆ, ಹೊಸದಕ್ಕೆ ಮತ್ತೆ ದುಡ್ಡು. ಬ್ಯಾಟರಿಯಲ್ಲಿ ಇನ್ನೂ ಎಚ್ಚರ ಬೇಕು. 3ಎಸ್ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಅಂದರೆ ಮೂರು ಸೆಲ್ಲು, 11.1 ವೋಲ್ಟ್, ಪೂರ್ತಿ ತುಂಬಿದಾಗ 12.6. ಸೆಲ್ಲುಗಳನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರೇ ಬೇಕು, ಇಲ್ಲದಿದ್ದರೆ ಊದಿಕೊಂಡು ಬೆಂಕಿ ಹೊತ್ತಿಕೊಳ್ಳಬಹುದು. ‘ಅಗ್ಗದ್ದನ್ನು ಆರಿಸಿ’ ಅಂತ ಓದಿದ ಮಗು ಇಲ್ಲೇ ಮೊದಲು ಉಳಿಸಲು ಹೋಗುತ್ತದೆ.

ಉಳಿಸಬೇಕಾದ್ದು ರೋಬೋದ ಮೈಗಟ್ಟಿನಲ್ಲಿ. ಪಾತ್ರೆ ಅಂಗಡಿಯಲ್ಲಿ ದಪ್ಪ ಬಿಳಿ ಪ್ಲಾಸ್ಟಿಕ್ಕಿನ ತರಕಾರಿ ಹೆಚ್ಚುವ ಮಣೆ ಸಿಗುತ್ತದಲ್ಲ, ಸಾಮಾನ್ಯವಾಗಿ ಎಚ್‌ಡಿಪಿಇ, ಅದೇ ಸಾಕು. ಕೈಗರಗಸದಲ್ಲಿ ಕೊಯ್ಯಬಹುದು, ತೂತು ಕೊರೆಯುವಾಗ ಸುರುಳಿ ಸುರುಳಿಯಾಗಿ ಬಿಳಿ ಎಳೆ ಬರುತ್ತದೆ, ಏಟು ಬಿದ್ದರೆ ನೆಗ್ಗುತ್ತದೆ, ಸುಲಭಕ್ಕೆ ಒಡೆಯಲ್ಲ. ಅಕ್ರಿಲಿಕ್ ನೋಡಲು ಚೆಂದ, ತಿರುಪಿನ ತೂತಿನಿಂದಲೇ ಸೀಳು ಬಿಡುತ್ತದೆ.

ತಿರುಗುವ ಆಯುಧ ಮೊದಲ ರೋಬೋಗೆ ಬೇಡವೇ ಬೇಡ. ಅದಕ್ಕೆ ಇನ್ನೊಂದು ಮೋಟಾರು, ಇನ್ನೊಂದು ಇಎಸ್‌ಸಿ, ಗಟ್ಟಿ ಉಕ್ಕಿನ ಬ್ಲೇಡು, ಬೇರಿಂಗು. ಮುಂದೊಂದು ಓರೆ ತಗಡು ಇದ್ದರೆ ಎದುರಾಳಿಯ ಅಡಿಗೆ ತೂರಿ ಗಾಲಿ ಎತ್ತಿಬಿಡಬಹುದು. ‘ವೆಡ್ಜ್’ ಅಂದರೆ ಅಷ್ಟೇ. ಶಾಲೆಯ ಸರಳ ಯಂತ್ರಗಳ ಪಾಠದಲ್ಲಿ ಸನ್ನೆ, ರಾಟೆಯ ಜೊತೆ ಬೆಣೆ ಇದೆ, ಬೆಣೆ ಅಂತಲೇ ಬರೆಯಿರಿ.

ಇಎಸ್‌ಸಿಗೆ ‘ವೇಗ ನಿಯಂತ್ರಕ’ ಹಾಕಬೇಡಿ, ಲಾರಿ ಬಸ್ಸಿಗೆ ಕೂರಿಸುವ ಬೇರೆ ಸಾಧನಕ್ಕೆ ಆ ಹೆಸರಿದೆ. ಬೀಟಲ್‌ವೇಟಿಗೆ ‘ಜೀರುಂಡೆ ತೂಕ’ವೂ ಬೇಡ, ತೂಕದ ಅಂಕಿಯನ್ನೇ ಬರೆಯಿರಿ. ಅಮೆರಿಕದಲ್ಲಿ ಅದು 3 ಪೌಂಡ್, ಬ್ರಿಟನ್ನಿನಲ್ಲಿ 1.5 ಕೆಜಿ. ಆಂಟ್‌ವೇಟ್ ಅನ್ನುವ ಇನ್ನೂ ಹಗುರ ವರ್ಗ ಅಮೆರಿಕದಲ್ಲಿ 1 ಪೌಂಡ್, ಬ್ರಿಟನ್ನಿನಲ್ಲಿ 150 ಗ್ರಾಂ. ಒಂದೇ ಹೆಸರು, ಮೂರು ಪಟ್ಟು ವ್ಯತ್ಯಾಸ. ನಮ್ಮ ಕಾಲೇಜು ಹಬ್ಬಗಳಲ್ಲಂತೂ 8, 15, 30, 60 ಕೆಜಿ ಅಂತಲೇ ಕರೆಯುತ್ತಾರೆ.

ಕಡಿಮೆ ಖರ್ಚಿನ ಸಾಮಾನು. ಇದು ನನ್ನ ಉತ್ತರ.

ಮೈಸೂರಿನಿಂದ:

ಖರ್ಚೂ ನಮ್ಮದಲ್ಲ, ಸಾಮಾನೂ ನಮ್ಮದಲ್ಲ, ಎರಡೂ ಫಾರಸಿಯಿಂದ ಬಂದವು. ಮೋಟಾರಿಗೆ ಪದವಿಲ್ಲ, ಒಪ್ಪಿದೆ. ಇರುವ ಪದವನ್ನೂ ಬಿಟ್ಟು ಕಡ ತರುವುದಾದರೆ ಈ ಗುಂಪು ಯಾಕಿದೆ?

ಧಾರವಾಡದಿಂದ:

ಅಗ್ಗ ಅಚ್ಚಗನ್ನಡ ಅಂತ ಯಾರು ಹೇಳಿದರು? ಸಂಸ್ಕೃತದ ಅರ್ಘ, ಪ್ರಾಕೃತದ ಅಗ್ಘ, ಅಲ್ಲಿಂದ ಅಗ್ಗ. ಬಿಟ್ಟಿ ಕೂಡ ವಿಷ್ಟಿಯ ತದ್ಭವ. ನೀವು ಕೊಟ್ಟ ಎರಡು ಅಚ್ಚಗನ್ನಡ ಪದಗಳೂ ಕಡವೇ. ನಮ್ಮ ಕಡೆ ಸಸ್ತಾ, ತುಟ್ಟಿ ಅಂತೀವಿ. ತುಟ್ಟಿಭತ್ಯೆ ಅಂತ ಸರ್ಕಾರವೇ ಬರೆಯುತ್ತದೆ, ರಾಜ್ಯಕ್ಕೆಲ್ಲ ಅರ್ಥ ಆಗುತ್ತದೆ. ‘ತುಟ್ಟಿಯಲ್ಲದ ಸಾಮಾನು’ ಯಾಕಾಗಬಾರದು?

ಮೈಸೂರಿನಿಂದ:

ತದ್ಭವ ಆದ ಮೇಲೆ ಅದು ಕನ್ನಡದ್ದೇ. ಬಾಯಲ್ಲಿ ಸವೆದು ಕನ್ನಡದ ಉಲಿಗೆ ಹೊಂದಿಕೊಂಡಿದೆ. ಖರ್ಚು ಹಾಗಲ್ಲ, ಮಹಾಪ್ರಾಣ ಹೊತ್ತುಕೊಂಡೇ ನಿಂತಿದೆ. ತುಟ್ಟಿಯಲ್ಲದ ಅನ್ನುವುದು ನಕಾರ, ತಲೆಬರಹಕ್ಕೆ ಸಲ್ಲದು.

ಧಾರವಾಡದಿಂದ:

ಹೊತ್ತುಕೊಂಡಿರುವುದು ಬರಹದಲ್ಲಿ. ಸಂತೆಗೆ ಹೋಗಿ ಕೇಳಿ, ಕರ್ಚು ಅಂತಾರೆ. ನಿಮ್ಮದೇ ಅಳತೆಗೋಲು ಹಿಡಿದರೆ ಅದೂ ಕನ್ನಡ ಆಯಿತು. ಸಂಸ್ಕೃತದಿಂದ ಬಂದರೆ ತದ್ಭವ, ಫಾರಸಿಯಿಂದ ಬಂದರೆ ಕಡ ಅನ್ನುವುದು ವ್ಯಾಕರಣವಲ್ಲ. ಇಷ್ಟಕ್ಕೂ ಕೇಶಿರಾಜ ಹಿಂದಿನ ಕವಿಗಳು ಬಳಸಿದ ಅರಿಸಮಾಸಗಳಿಗೆ ಜಾಗ ಕೊಟ್ಟಿದ್ದಾನೆ. ಬಳಕೆಗೆ ಅವನು ಕೊಟ್ಟ ಬೆಲೆಯನ್ನು ನೀವೂ ಕೊಡಿ.

ಮೈಸೂರಿನಿಂದ:

ಕವಿಗಳ ಬಳಕೆ, ಗುಜರಿ ಅಂಗಡಿಯದ್ದಲ್ಲ.

ಬೆಂಗಳೂರಿನಿಂದ:

ಗುಜರಿ ಅಂಗಡಿಯಲ್ಲೇ ಈ ಮಕ್ಕಳ ಅರ್ಧ ರೋಬೋ ಸಿಗುವುದು. ಹಳೆಯ ಕಾರ್ಡ್‌ಲೆಸ್ ಡ್ರಿಲ್ ಬಿಚ್ಚಿದರೆ ಮೋಟಾರು, ಗೇರು ಎರಡೂ ಒಟ್ಟಿಗೆ ಬರುತ್ತವೆ. ಅಲ್ಲಿನವರು ಆಡುವ ಪದ ಕರಪತ್ರದಲ್ಲಿ ಇರಲೇಬೇಕು.

ಫೇಲ್‌ಸೇಫ್ ಯಾರೂ ಮುಟ್ಟಲಿಲ್ಲ. ಅದೇ ಮುಖ್ಯ. ಅದಕ್ಕೆ ಪದ ಹುಡುಕಬೇಡಿ, ವಾಕ್ಯ ಬರೆಯಿರಿ: ‘ರಿಮೋಟಿನ ಸಿಗ್ನಲ್ ತಪ್ಪಿದರೆ ಗಾಲಿ, ಆಯುಧ ಎರಡೂ ತಾವಾಗಿ ನಿಲ್ಲಬೇಕು. ಕಣಕ್ಕೆ ಇಳಿಸುವ ಮೊದಲು ಗಾಲಿ ನೆಲಕ್ಕೆ ತಾಗದಂತೆ ರೋಬೋವನ್ನು ಎತ್ತಿ ಇಟ್ಟು, ರಿಮೋಟ್ ಆಫ್ ಮಾಡಿ ನೋಡಿ.’

ಹಾಸನದಿಂದ:

ಎಲ್ಲರಿಗೂ ಧನ್ಯವಾದ. ತಲೆಬರಹ ‘ಮೊದಲ ಕಾಳಗದ ರೋಬೋ: ಕಡಿಮೆ ಖರ್ಚಿನ ಸಾಮಾನು’. ಬೆಣೆ ಇರುತ್ತದೆ, ಇಎಸ್‌ಸಿ ಹಾಗೇ ಇರುತ್ತದೆ, ತೂಕಕ್ಕೆ ಅಂಕಿ. ಫೇಲ್‌ಸೇಫ್ ವಾಕ್ಯವನ್ನು ಮೊದಲ ಪುಟದಲ್ಲೇ ಚೌಕಟ್ಟು ಕಟ್ಟಿ ಹಾಕಿಸುತ್ತೇನೆ. ಬಿಡಿತುಂಡು ಚೆನ್ನಾಗಿದೆ ಸರ್, ಆದರೆ ಮಕ್ಕಳು ಮುರಿದ ಚೂರು ಅಂದುಕೊಳ್ಳುತ್ತಾರೆ.

ಮೈಸೂರಿನಿಂದ:

ಅಂದುಕೊಳ್ಳಲ್ಲ. ಬಳಸಿದರೆ ರೂಢಿಯಾಗುತ್ತದೆ. ಬೆಣೆ ಉಳಿಸಿಕೊಂಡಿರಿ, ಅಷ್ಟಕ್ಕೆ ಸಂತೋಷ.